ಪರನುಡಿಯ ಹೆಸರು, ನಮ್ಮೂರ ನಾಲಿಗೆ

ಹುಟ್ಟಿದ ಕೂಸಿಗೆ ಹೆಸರಿಡುವುದು ನಮ್ಮ ಕಡೆ ಅರ್ಧ ಗಳಿಗೆಯ ಶಾಸ್ತ್ರ. ತೊಟ್ಟಿಲು ಕಟ್ಟುತ್ತಾರೆ. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಸುತ್ತ ನೆರೆದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಮೆತ್ತಗೆ ಗುದ್ದುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಆ ಅರ್ಧ ಗಳಿಗೆಯಲ್ಲಿ ಇಟ್ಟುದನ್ನು ಆ ಜೀವ ಬದುಕಿನುದ್ದಕ್ಕೂ ಹೊರಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ, ಹೊಲದ ಪಹಣಿಯಲ್ಲಿ, ಲಗ್ನಪತ್ರಿಕೆಯಲ್ಲಿ, ನೆರೆಹೊರೆಯವರ ಕೂಗಿನಲ್ಲಿ ಅದೇ ನಿಲ್ಲಬೇಕು.

ಮನೆಯ ನುಡಿ, ಊರಿನ ನುಡಿ ಎರಡೂ ಒಂದೇ ಆಗಿದ್ದರೆ ತೊಡಕಿಲ್ಲ. ಮನೆಯದು ಒಂದು, ಊರಿನದು ಇನ್ನೊಂದು ಆದಾಗ ಹೆಸರು ಯಾವ ನುಡಿಯದಾಗಬೇಕು? ಇಂಗ್ಲಿಷ್ ಆಡುವ ದೇಶದಲ್ಲಿ ನೆಲೆಸಿದ ಫ್ರೆಂಚ್ ದಂಪತಿಗಳು ಇದೇ ಚಿಂತೆಯಲ್ಲಿ ಬೀಳುತ್ತಾರೆ. ಫ್ರೆಂಚರಲ್ಲಿ ‘ಝಾಂ’ ಎಂಬುದು ಗಂಡುಮಗನ ಹೆಸರು. ಅದನ್ನು ಬರೆಯುವ ನಾಲ್ಕು ಅಕ್ಷರಗಳನ್ನೇ ಇಂಗ್ಲಿಷರು ‘ಜೀನ್’ ಎಂದು ಓದಿ, ಹೆಣ್ಣುಮಗುವೆಂದು ತಿಳಿಯುತ್ತಾರೆ. ತಂದೆ ಇಟ್ಟ ಹೆಸರು ಒಂದು, ಶಾಲೆಯಲ್ಲಿ ಕೂಗುವುದು ಇನ್ನೊಂದು. ಈ ಚಿಂತೆ ನಮಗೆ ದೂರದ್ದೆಂದು ತೋರಬಹುದು. ಆದರೆ ಬೀದರ ಸೀಮೆಯವರು ಇದನ್ನು ಅನುಭವಿಸಿ, ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡು ಆರು ನೂರು ವರ್ಷಗಳಾದುವು. ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಈ ನೆಲದ ಮೇಲೆ ಪಾರಸಿ, ಉರ್ದುಗಳು ಅರಮನೆಯ ನುಡಿಗಳಾಗಿ ಬಂದು ಕುಳಿತುವು. ಇಲ್ಲಿನ ಜನರ ಹೆಸರುಗಳನ್ನು ಸಾಲಾಗಿ ಬರೆದರೆ ಅದೇ ಒಂದು ಚರಿತ್ರೆಯಾಗುತ್ತದೆ.

ಕನ್ನಡ ವ್ಯಾಕರಣ ಓದಿದವರಿಗೆ ತತ್ಸಮ, ತದ್ಭವ ಎಂಬ ಎರಡು ಮಾತು ಗೊತ್ತು. ಬೇರೆ ನುಡಿಯ ಶಬ್ದ ಇದ್ದಂತೆಯೇ ಬಂದು ನಿಂತರೆ ತತ್ಸಮ. ನಮ್ಮ ನಾಲಿಗೆಗೆ ತಕ್ಕಂತೆ ರೂಪ ಬದಲಿಸಿಕೊಂಡರೆ ತದ್ಭವ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂದು ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟನು. ಈ ನಿಯಮ ನಡೆಯುವುದು ಕಾವ್ಯದ ಶಬ್ದಗಳಲ್ಲಿ ಮಾತ್ರವಲ್ಲ, ಮನುಷ್ಯರ ಹೆಸರುಗಳಲ್ಲಿಯೂ ಅದು ಅಷ್ಟೇ ಗಟ್ಟಿಯಾಗಿ ನಡೆಯುತ್ತದೆ. ಸಂಸ್ಕೃತದ ‘ವೃಷಭ’ ನಮ್ಮಲ್ಲಿ ‘ಬಸವ’ನಾಯಿತು, ‘ಬ್ರಹ್ಮ’ ‘ಬೊಮ್ಮ’ನಾದನು, ‘ವಿಷ್ಣು’ ‘ಬಿಟ್ಟಿ’ಯಾದನು. ಹೊಯ್ಸಳ ವಿಷ್ಣುವರ್ಧನನನ್ನು ಬಿಟ್ಟಿದೇವನೆಂದು ಕರೆದುದು ಹೀಗೆ. ಇಂದು ಬಸವ ಎಂಬ ಹೆಸರನ್ನು ಪರನುಡಿಯದೆಂದು ಯಾರೂ ಎಣಿಸುವುದಿಲ್ಲ. ಅದು ಬಂದ ದಾರಿಯನ್ನು ವಿದ್ವಾಂಸರು ಹೇಳಬೇಕು. ಮನೆಯವರಿಗೆ ಅದು ಮನೆಯದೇ.

ಹೊರಗಿನಿಂದ ಬಂದವರು ಇಲ್ಲಿಯ ಹೆಸರನ್ನು ತೊಟ್ಟುಕೊಂಡ ಕಥೆಯೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಲ್ಯಾಣಕ್ಕೆ ಕಾಶ್ಮೀರದ ಅರಸನೊಬ್ಬನು ರಾಜ್ಯ ಬಿಟ್ಟು ಬಂದನೆಂದೂ, ಕಟ್ಟಿಗೆಯ ಹೊರೆ ಮಾರಿ ಜೀವಿಸುತ್ತ ಮೋಳಿಗೆಯ ಮಾರಯ್ಯನೆನಿಸಿದನೆಂದೂ ಶರಣ ಪರಂಪರೆ ಹೇಳುತ್ತದೆ. ಮಹಾದೇವ ಭೂಪಾಲನೆಂಬ ದೊಡ್ಡ ಹೆಸರನ್ನು ಇಳಿಸಿ, ‘ಮಾರಯ್ಯ’ ಎಂಬ ಅಚ್ಚ ದೇಸಿ ಹೆಸರನ್ನೂ, ಹೊತ್ತ ಮೋಳಿಗೆಯನ್ನೂ ಅವನಿಗೆ ಗುರುತಾಗಿ ಕೊಟ್ಟರು. ಬಂದವನು ತಾನೇ ಊರಿನ ನಾಲಿಗೆಗೆ ಒಪ್ಪಿಸಿಕೊಂಡದ್ದು ಈ ಕಥೆಯ ಸ್ವಾರಸ್ಯ.

ಇನ್ನು ಬಹಮನಿ ಅರಸರ ಕಾಲಕ್ಕೆ ಬರೋಣ. ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದವನು ಅಹಮದ್ ಶಾ. ಅವನು ಆಳಿದ್ದು 1422ರಿಂದ 1436ರ ವರೆಗೆ. ಹೊಸ ರಾಜಧಾನಿಗೆ ಮಹಮ್ಮದಾಬಾದ್ ಎಂದು ಹೆಸರಾಯಿತು. ಮುಂದೆ 1657ರಲ್ಲಿ ಔರಂಗಜೇಬನು ಕೋಟೆಯನ್ನು ಗೆದ್ದ ಮೇಲೆ ಊರು ಜಫರಾಬಾದ್ ಎನಿಸಿತು. ಜಫರ್ ಎಂದರೆ ಗೆಲವು. ಎರಡೂ ಅರಸರಿಟ್ಟ ಹೆಸರು, ಎರಡಕ್ಕೂ ಸೈನ್ಯದ ಬಲವಿತ್ತು, ದಫ್ತರದ ಮುದ್ರೆಯಿತ್ತು. ಆದರೆ ಸಂತೆಗೆ ಹೊರಟ ರೈತ ‘ಬೀದರಕ್ಕೆ ಹೋಗಿ ಬರುತ್ತೇನೆ’ ಎಂದನೇ ಹೊರತು ಬೇರೆ ಮಾತಾಡಲಿಲ್ಲ. ಬೀದರೇ ಉಳಿಯಿತು. ಅರಸನು ಹೆಸರನ್ನು ಕೊಡಬಲ್ಲನು. ಅದನ್ನು ಉಳಿಸುವುದು ಮಾತ್ರ ಕೂಗುವವರ ಕೈಯಲ್ಲಿದೆ. ಇದು ನಾವು ಕಲಿಯಬೇಕಾದ ಮೊದಲನೆಯ ಪಾಠ.

ಆ ಕಾಲದಲ್ಲಿ ಪಾರಸಿಕ ದೇಶದಿಂದ ಪಂಡಿತರು, ಸಂತರು, ವ್ಯಾಪಾರಿಗಳು ಬೀದರಿಗೆ ಬಂದರು. ಅವರಲ್ಲಿ ಹಿರಿಯನು ಮಹಮೂದ್ ಗವಾನ್. ‘ಗವಾನ್’ ಎಂಬುದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತದಲ್ಲಿ ಅವನು ಹುಟ್ಟಿದ ಹಳ್ಳಿಯಿಂದ ಬಂದ ಹೆಸರು. ಅವನು ಕಟ್ಟಿಸಿದ ಮದರಸಾ 1472ರದು. ಅವನ ಕೊಲೆಯಾದದ್ದು 1481ರಲ್ಲಿ. ಅವನ ಅಂಕಿತ ‘ಮಹಮೂದ್’ ಎಂದಿದ್ದರೂ ಕನ್ನಡದಲ್ಲಿ ಅನೇಕರು ‘ಮಹಮದ್ ಗವಾನ್’ ಎಂದೇ ಬರೆಯುತ್ತಾರೆ. ಪಾರಸಿಯಲ್ಲಿ ಇವೆರಡೂ ಬೇರೆ ಹೆಸರುಗಳು. ನಮ್ಮ ಕಿವಿಗೆ ಒಂದೇ ಆದುವು. ಎಲ್ಲಿಯದೋ ಗೀಲಾನಿನ ಹಳ್ಳಿಯ ಹೆಸರು ಬೀದರಿನವರ ಮಾತಿನಲ್ಲಿ ಐದು ನೂರು ವರ್ಷಗಳಿಂದ ಸವೆಯುತ್ತ, ಹಾಗೆಯೇ ಉಳಿಯುತ್ತ ಬಂದಿದೆ.

ಬೀದರಿನ ಸಮೀಪದ ಅಷ್ಟೂರಿನಲ್ಲಿ ಅಹಮದ್ ಶಾನ ಗೋರಿಯಿದೆ. ಒಳಗೋಡೆಯ ಮೇಲೆ ಪಾರಸಿ ಬರಹ ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತದೆ. ಹೋಳಿ ಹುಣ್ಣಿಮೆಯ ನಂತರ ಅಲ್ಲಿ ಉರುಸು. ಉರುಸಿನ ದಿನವನ್ನು ಹಿಂದೂ ಪಂಚಾಂಗದಿಂದ ಎಣಿಸುತ್ತಾರೆ. ಮಾಡ್ಯಾಳದಿಂದ ಜಂಗಮರು ಬಂದು ಕಾಯಿ ಒಡೆಯುವುದು ಬಹುಕಾಲದ ಪದ್ಧತಿ. ಮುಸಲ್ಮಾನರಿಗೆ ಅವನು ಅಹಮದ್ ಶಾ ವಲಿ. ಅವನು ಅಲ್ಲಮಪ್ರಭುವೇ ಎಂದು ನಂಬುವ ಲಿಂಗಾಯತರೂ ಉಂಟು. ಒಂದೇ ಗೋರಿ, ಎರಡು ಹೆಸರು, ಜಗಳವಿಲ್ಲ.

ಇಂತಹ ನೆಲದಲ್ಲಿ ಅರಬ್ಬಿ, ಪಾರಸಿ ಶಬ್ದಗಳು ಕನ್ನಡದ ತೊಟ್ಟಿಲಿಗೂ ಬಂದುದು ಆಶ್ಚರ್ಯವಲ್ಲ. ವಾನೊಲಿಯಲ್ಲಿ ಕೋರಿಕೆಯ ಹಾಡುಗಳಿಗೆ ಮುಂಚೆ ಹೆಸರು ಓದುವುದನ್ನು ಗಮನವಿಟ್ಟು ಕೇಳಿರಿ: ಫಕೀರಪ್ಪ, ಹುಸೇನಪ್ಪ, ಪೀರಪ್ಪ, ಮಸ್ತಾನಪ್ಪ, ಲಾಲಪ್ಪ, ಸಾಹೇಬಗೌಡ. ಇವು ಕಲ್ಯಾಣ ಕರ್ನಾಟಕದ ಹಿಂದೂ ಮನೆಗಳ ಹೆಸರುಗಳು. ಮಕ್ಕಳಿಲ್ಲದವರು ದರ್ಗಾಕ್ಕೆ ಹರಕೆ ಹೊತ್ತರು. ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಬೇಡಿಕೊಂಡರು. ಕೂಸು ಹುಟ್ಟಿದಾಗ ಪೀರನ ಹೆಸರಿಟ್ಟರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಸಾವಿನ ಕಣ್ಣಿಗೆ ಅಗ್ಗವಾಗಿ ತೋರಿಸಲೆಂದು ‘ತಿಪ್ಪಣ್ಣ’, ‘ಕಲ್ಲಪ್ಪ’ ಎಂದು ಕರೆಯುತ್ತಿದ್ದರಷ್ಟೆ. ‘ಫಕೀರಪ್ಪ’ನಲ್ಲಿಯೂ ಅದೇ ತಾಯಿಯ ಅಂಜಿಕೆ ಅಡಗಿರುವುದುಂಟು. ಏನೂ ಇಲ್ಲದ ಬೈರಾಗಿಯಿಂದ ಯಮನು ಏನನ್ನು ಕಸಿದಾನು?

ವ್ಯಾಕರಣದ ಕಣ್ಣಿನಿಂದ ನೋಡಿದರೆ ‘ಫಕೀರ’ ಅರಬ್ಬಿ, ‘ಅಪ್ಪ’ ಕನ್ನಡ. ನಡುವೆ ಶುದ್ಧವಾದ ಲೋಪಸಂಧಿ. ಎರಡು ನುಡಿಗಳ ಶಬ್ದಗಳನ್ನು ಬೆಸೆಯುವುದು ಅರಿಸಮಾಸವೆಂದು ವೈಯಾಕರಣರು ಹುಬ್ಬು ಗಂಟಿಕ್ಕಿದರು. ತೊಟ್ಟಿಲು ತೂಗುವವರು ಆ ಮಾತನ್ನು ಕೇಳಲಿಲ್ಲ. ಪರನುಡಿಯ ಹೆಸರಿಗೆ ತಮ್ಮದೊಂದು ‘ಅಪ್ಪ’ನನ್ನೋ ‘ಅಮ್ಮ’ನನ್ನೋ ಜೋಡಿಸಿದರು, ಅಷ್ಟರಲ್ಲಿ ಅದು ನಮ್ಮದಾಯಿತು. ಮುಸಲ್ಮಾನರ ಮನೆಗಳಲ್ಲಿಯೂ ಇದೇ ರೀತಿ ‘ಸಾಹೇಬ’ ಸವೆದು ‘ಸಾಬ’ನಾಗಿ ಲಾಲಸಾಬ, ನಬಿಸಾಬರು ಹುಟ್ಟಿದರು.

ಪಶ್ಚಿಮಕ್ಕೆ, ಭಾಲ್ಕಿ ಔರಾದಗಳ ಕಡೆಗೆ ನಡೆದಂತೆ ಬೇರೊಂದು ನುಡಿಯ ಗಾಳಿ ಬೀಸುತ್ತದೆ. ಭಾಲ್ಕಿಯ ಬಳಿ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಕನ್ನಡದವರೂ ಮರಾಠಿಯವರೂ ಬರುತ್ತಾರೆ. ಕನ್ನಡದವರಿಗೆ ಮಲ್ಲಣ್ಣನಾದ ದೇವರೇ ಮರಾಠಿಯವರಿಗೆ ಖಂಡೋಬಾ. ಆದುದರಿಂದ ಒಂದೇ ದೇವರ ಹರಕೆಯ ಮಕ್ಕಳು ಒಂದು ಮನೆಯಲ್ಲಿ ಮಲ್ಲಪ್ಪ, ಇನ್ನೊಂದರಲ್ಲಿ ಖಂಡೇರಾವ, ಮೂರನೆಯದರಲ್ಲಿ ಎರಡನ್ನೂ ಬೆಸೆದ ಖಂಡಪ್ಪ. ಔರಾದದಲ್ಲಿ ಅಮರೇಶ್ವರನ ಗುಡಿಯಿರುವುದರಿಂದ ಅಮರಪ್ಪನೂ ಅಮರೇಶನೂ ಉಂಟು. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳ (1817–1865) ಹೆಸರು ಜಿಲ್ಲೆಯ ತುಂಬ ಮಾಣಿಕಪ್ಪ, ಮಾಣಿಕರಾವ, ಮಾಣಿಕಮ್ಮ ಎಂದು ಹರಡಿದೆ. ‘ರಾವ’ ಎಂದು ಕೊನೆಯಾದ ಮಾತ್ರಕ್ಕೆ ಮರಾಠಿ ಮನೆಯೆಂದೂ, ‘ಅಪ್ಪ’ ಎಂದ ಮಾತ್ರಕ್ಕೆ ಕನ್ನಡದ ಮನೆಯೆಂದೂ ಇಲ್ಲಿ ಹೇಳಲಾಗದು.

ಇಲ್ಲಿಂದ ಹೊರನಾಡಿಗೆ ಹೋದ ಹೆಸರೂ ಒಂದುಂಟು. 1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಕಟ್ಟಿದಾಗ ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬನು ಬೀದರಿನ ಕ್ಷೌರಿಕರ ಮನೆಯವನೆಂದು ಸಿಖ್ಖರ ಪರಂಪರೆ ನೆನೆಯುತ್ತದೆ. ಅವನ ಹೆಸರು ಸಾಹಿಬ್ ಚಂದ್. ಅಂದಿನಿಂದ ಸಾಹಿಬ್ ಸಿಂಗ್. ಮೊದಲರ್ಧ ಊರಿನಿಂದ ಬಂದುದು, ಎರಡನೆಯ ಅರ್ಧ ಹೋಗಿ ಸೇರಿದ ಬಳಗದ್ದು.

ಫ್ರೆಂಚ್ ಹೆಸರಿನ ಮಾತೆತ್ತಿದ್ದೆನಷ್ಟೆ. ಅದೂ ನಮ್ಮ ಸೀಮೆಗೆ ಬಂದಿತ್ತು. ಬೀದರ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ನಿಜಾಮ ಅಲಿಖಾನನ ಫ್ರೆಂಚ್ ಪಲ್ಟನಿನ ಸೇನಾಪತಿಯಾಗಿದ್ದವನು ರೇಮಂಡ್. 1795ರಲ್ಲಿ ನಿಜಾಮನ ಮಗ ಅಲಿಜಾ ದಂಗೆಯೆದ್ದು ಬೀದರನ್ನು ಸೇರಿದಾಗ ಅವನ ಬೆನ್ನಟ್ಟಿದ್ದು ಇದೇ ರೇಮಂಡನ ಪಡೆ. ‘ಮೊಸ್ಯೂರ್ ರೇಮಂಡ್’ ಎಂಬುದು ಸಿಪಾಯಿಗಳ ಬಾಯಿಗೆ ಹೊಂದಲಿಲ್ಲ. ‘ಮೊಸ್ಯೂರ್’ ಎಂದರೆ ಶ್ರೀಮಾನ್ ಎಂಬಂತಹ ಗೌರವದ ಮಾತು. ಮುಸಲ್ಮಾನ ಸಿಪಾಯಿಗಳು ಅದನ್ನು ‘ಮೂಸಾ ರಹೀಮ್’ ಮಾಡಿಕೊಂಡರು, ಹಿಂದೂ ಸಿಪಾಯಿಗಳು ‘ಮೂಸಾ ರಾಮ್’ ಮಾಡಿಕೊಂಡರು. 1798ರಲ್ಲಿ ರೇಮಂಡ್ ತೀರಿಕೊಂಡನು. ಅವನ ಪಡೆಯನ್ನು ಆ ವರ್ಷವೇ ಇಂಗ್ಲಿಷರು ಕರಗಿಸಿಬಿಟ್ಟರು. ಆದರೆ ಹೈದರಾಬಾದಿನ ಮೂಸಾರಾಂಬಾಗ್ ಇಂದಿಗೂ ಇದೆ. ಅಲ್ಲಿ ಈಗ ಮೆಟ್ರೋ ರೈಲು ನಿಲ್ಲುತ್ತದೆ. ತನ್ನ ಮೂಲರೂಪದಲ್ಲಿಯೇ ಇದ್ದಿದ್ದರೆ ಆ ಫ್ರೆಂಚ್ ಹೆಸರು ಗೋರಿಯ ಬಳಿಯಲ್ಲೇ ಉಳಿಯುತ್ತಿತ್ತು. ತದ್ಭವವಾದುದರಿಂದ ಬೀದಿಯಲ್ಲಿ ಉಳಿಯಿತು.

ಇಂಗ್ಲೆಂಡಿನಲ್ಲಿಯೂ ಆದದ್ದು ಇದೇ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಮನು ಬಂದು ಆ ದೇಶವನ್ನು ಗೆದ್ದನು. ಅಲ್ಲಿಯ ವರೆಗೆ ಇಂಗ್ಲಿಷರಲ್ಲಿ ಗಾಡ್ವಿನ್, ವುಲ್ಫ್‌ಸ್ಟನ್ ಮೊದಲಾದ ಹೆಸರುಗಳಿದ್ದುವು. ಇನ್ನೂರು ವರ್ಷ ಕಳೆಯುವುದರೊಳಗೆ ಹಳ್ಳಿಗರೂ ಮಕ್ಕಳಿಗೆ ವಿಲಿಯಂ, ರಾಬರ್ಟ್, ರಿಚರ್ಡ್ ಎಂದು ಗೆದ್ದವರ ಹೆಸರಿಟ್ಟರು. ಆಮೇಲೆ ಇಂಗ್ಲಿಷ್ ನಾಲಿಗೆ ಅವನ್ನು ಅರೆದು ವಿಲ್, ಹಾಬ್, ಡಿಕ್ ಎಂದು ಮಾಡಿತು. ನಾವು ಬಸವರಾಜನನ್ನು ‘ಬಸ್ಯಾ’ ಎಂದು ಕೂಗುವಂತೆ. ಫ್ರಾನ್ಸಿನಲ್ಲಿ ‘ಗಿಯೋಮ್’ ಎನ್ನಿಸಿಕೊಳ್ಳುವವನೂ ಇಂಗ್ಲೆಂಡಿನ ವಿಲಿಯಮನೂ ಒಂದೇ ಹೆಸರಿನವರೆಂದರೆ ಈಗ ನಂಬುವುದು ಕಷ್ಟ. ಮುಂದೆ 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಪ್ರಾಟೆಸ್ಟೆಂಟರಿಗಿದ್ದ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ ಸಾವಿರಾರು ಮನೆತನಗಳು ಫ್ರಾನ್ಸನ್ನು ಬಿಟ್ಟುವು. ಅಂತಹ ವಂಶದ ಹುಡುಗನೊಬ್ಬ ಅಪೊಲೊಸ್ ರಿವೊಯಿರ್ ಅಮೆರಿಕದ ಬಾಸ್ಟನ್ನಿಗೆ ಬಂದು ಬೆಳ್ಳಿಯ ಕೆಲಸ ಕಲಿತನು. ನೆರೆಯವರ ಬಾಯಿಗೆ ಸುಲಭವಾಗಲೆಂದು ಪಾಲ್ ರಿವಿಯರ್ ಎಂದು ಬದಲಿಸಿಕೊಂಡನು. ಅದೇ ಹೆಸರಿನ ಅವನ ಮಗನು 1775ರ ರಾತ್ರಿಯ ಕುದುರೆ ಸವಾರಿಯಿಂದ ಅಮೆರಿಕದ ಚರಿತ್ರೆಯಲ್ಲಿ ಪ್ರಸಿದ್ಧನಾದನು.

ಹೆಸರು ತಾನಾಗಿ ಬದಲಾಗುವುದು ಬೇರೆ, ದಫ್ತರವು ಬದಲಿಸುವುದು ಬೇರೆ. ಮೊದಲನೆಯದರಲ್ಲಿ ಪ್ರೀತಿಯಿದೆ, ಎರಡನೆಯದರಲ್ಲಿ ಇಕ್ಕಟ್ಟಿದೆ. ಫ್ರಾನ್ಸಿನಲ್ಲಿ 1803ರ ಕಾನೂನು ಪಂಚಾಂಗದಲ್ಲಿಯ ಸಂತರ ಹೆಸರುಗಳನ್ನೂ ಪ್ರಾಚೀನ ಚರಿತ್ರೆಯ ಹೆಸರುಗಳನ್ನೂ ಮಾತ್ರ ಇಡಬೇಕೆಂದು ವಿಧಿಸಿತ್ತು. ಪೂರಾ ಸಡಿಲವಾದದ್ದು 1993ರಲ್ಲಿ. ನಮ್ಮಲ್ಲಿ ಅಂತಹ ಕಾನೂನಿರಲಿಲ್ಲ, ಆದರೆ ರಿಜಿಸ್ಟರ್ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದಿತು. 1918ರಲ್ಲಿ ಉರ್ದುವಿನಲ್ಲಿಯೇ ಪಾಠ ಹೇಳುವ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಹುಟ್ಟಿತು. ಕನ್ನಡದ ಕೂಸಿನ ಹೆಸರು ಶಾಲೆಯ ಹೊಸ್ತಿಲಲ್ಲಿ ಉರ್ದು ಲಿಪಿಯನ್ನು ಹೊಕ್ಕಿತು.

ಆ ಲಿಪಿ ಸುಂದರವಾದುದು, ಸಂದೇಹವಿಲ್ಲ. ಆದರೆ ಅದರಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಒತ್ತಕ್ಷರದ ಗುರುತನ್ನೂ ಬಿಟ್ಟುಬಿಡುತ್ತಾರೆ, ನಮ್ಮ ‘ಳ’ಕಾರಕ್ಕೆ ಅಕ್ಷರವೇ ಇಲ್ಲ. ಆದುದರಿಂದ ಚನ್ನಪ್ಪ, ಚೆನ್ನಪ್ಪ, ಚಿನ್ನಪ್ಪ ಮೂವರೂ ಕಾಗದದ ಮೇಲೆ ಒಬ್ಬನೇ ಆಗಬಲ್ಲರು. ಕಾಳಪ್ಪ ‘ಕಾಲಪಾ’ ಆಗಬಲ್ಲನು. ಹೊಲದ ಪತ್ರದಲ್ಲಿ ಇಂತಹ ತೊಡಕು ಬಿದ್ದರೆ ಅದರ ಭಾರ ಮೊಮ್ಮಕ್ಕಳ ವರೆಗೆ ಇಳಿಯುತ್ತದೆ. ಇದು ಲಿಪಿಯ ದೋಷವೆಂದು ದೂರಬಾರದು. ಉರ್ದುವಿನ ನಾಲ್ಕು ಬೇರೆ ಬೇರೆ ‘ಝ’ಕಾರದಂತಹ ಅಕ್ಷರಗಳನ್ನು ನಾವೂ ಒಂದೇ ‘ಜ’ದಲ್ಲಿ ಕಟ್ಟಿ ಹಾಕಿ, ಅವರ ಮಕ್ಕಳ ಹೆಸರನ್ನು ಬರೆಯುತ್ತಿದ್ದೇವೆ. ಯಾವ ಲಿಪಿಯೂ ಪರರ ಹೆಸರಿಗೆಂದು ಹುಟ್ಟಿದ್ದಲ್ಲ.

ಆ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಾಡಿದ ಕಾರ್ಯವನ್ನು ಇಲ್ಲಿ ನೆನೆಯಬೇಕು. ಅವರು ಹುಟ್ಟಿದ್ದು 1889ರಲ್ಲಿ, ಅಂದಿನ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ. ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅವರ ಶಾಲೆಗೆ ಹೊರಗೆ ಉರ್ದುವಿನ ಹಲಗೆ, ಒಳಗೆ ಕನ್ನಡದ ಪಾಠ ಎಂದು ನಮ್ಮ ಜಿಲ್ಲೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ತನ್ನ ಹೆಸರನ್ನು ತನ್ನ ಅಕ್ಷರದಲ್ಲಿ ಬರೆಯಲು ಕಲಿತ ಹುಡುಗನಿಗೆ, ಬೇರೆ ಯಾವ ಲಿಪಿಯಲ್ಲಿ ಬರೆದರೂ ಅದು ಯಾವ ಹೆಸರೆಂಬುದು ಮರೆಯುವುದಿಲ್ಲ. ಹಲಗೆ ಯಾವುದಾದರೂ ಇರಲಿ, ಒಳಗಿನ ಪಾಠ ಉಳಿದಿರಬೇಕು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಹಳೆಯ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾಗಳು ಮರಾಠಿ ಭಾಗಕ್ಕೂ, ಜಹೀರಾಬಾದ, ನಾರಾಯಣಖೇಡಗಳು ತೆಲುಗು ಭಾಗಕ್ಕೂ ಹೋದುವು. ಒಂದೇ ಮನೆತನದ ಅಣ್ಣತಮ್ಮಂದಿರ ಹೆಸರುಗಳು ಮೂರು ಲಿಪಿಗಳ ರಿಜಿಸ್ಟರುಗಳಿಗೆ ಹಂಚಿಹೋಗುವ ಕಾಲ ಬಂದಿತು. ಉದಗೀರಿನ ಕನ್ನಡ ಮನೆ, ಔರಾದದ ಮರಾಠಿ ಮನೆ ಇವೆರಡೂ ಈಗ ಆ ಫ್ರೆಂಚ್ ದಂಪತಿಗಳಂತೆಯೇ: ಮನೆಯ ಒಳಗೆ ಒಂದು ನುಡಿ, ಬಾಗಿಲ ಹೊರಗೆ ಇನ್ನೊಂದು.

ಮೂವತ್ತು ವರ್ಷಗಳಿಂದ ಹಾಜರಿ ಕೂಗುತ್ತ ಬಂದ ನನಗೆ ಕಾಣುವ ಬದಲಾವಣೆ ಇನ್ನೊಂದು ಬಗೆಯದು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಕಾಲಕ್ಕೆ ಒಬ್ಬಿಬ್ಬರು ಹುಡುಗರು ಬಂದು ನಿಲ್ಲುತ್ತಾರೆ. ‘ಸರ್, ಈ ಹೆಸರು ಬ್ಯಾಡ್ರಿ, ಹುಡುಗರು ನಗತಾರ’ ಎನ್ನುತ್ತಾರೆ. ಅವನು ಒಬ್ಬ ಫಕೀರಪ್ಪ, ಅಥವಾ ತಿಪ್ಪಣ್ಣ. ಆ ಹೆಸರಿನ ಹಿಂದೆ ಯಾವ ಹರಕೆಯಿತ್ತೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಅವನಿಗಿಂತ ಮುಂಚೆ ಹುಟ್ಟಿ ಮಣ್ಣಾದ ಕೂಸುಗಳ ಸುದ್ದಿಯನ್ನು ತಾಯಿ ಎತ್ತಿರುವುದಿಲ್ಲ. ಈಗ ತೊಟ್ಟಿಲಿಗೆ ಬರುವ ಹೆಸರುಗಳು ಚಿಕ್ಕವು, ನಯವಾದುವು, ದಿಲ್ಲಿಗೂ ಪುಣೆಗೂ ಒಂದೇ ರೀತಿ ಸಲ್ಲುವಂಥವು. ಅವುಗಳಲ್ಲಿ ತಪ್ಪೇನೂ ಇಲ್ಲ; ಒಂದು ಕಾಲಕ್ಕೆ ‘ಬಸವ’ನೂ ಹೊಸ ಹೆಸರೇ. ಆದರೆ ಹಳೆಯ ಹೆಸರನ್ನು ನಾಚಿಕೆಯಿಂದ ಬಿಡುವುದಾದರೆ ಒಂದು ಮನೆಯ ಚರಿತ್ರೆಯ ಪುಟ ಹರಿದಂತೆ ಎಂಬುದನ್ನು ಹಿರಿಯರು ಮಕ್ಕಳಿಗೆ ತಿಳಿಸಬೇಕು.

ಈ ಜಿಲ್ಲೆಯ ಮಕ್ಕಳು ಇಂದು ಹೈದರಾಬಾದಿನಲ್ಲಿ, ಪುಣೆಯಲ್ಲಿ, ಸಮುದ್ರದಾಚೆಯ ಇಂಗ್ಲಿಷ್ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಕೂಸು ಹುಟ್ಟಿದಾಗ ಊರಿಗೆ ಫೋನು ಬರುತ್ತದೆ: ‘ಅಪ್ಪಾ, ಒಂದು ಹೆಸರು ಹೇಳ್ರಿ.’ ಕೇಳಿದವರಿಗೆ ನಮ್ಮ ಸೀಮೆಯ ಅನುಭವದಿಂದ ಮೂರು ಮಾತು ಹೇಳಬಹುದು. ಊರಿನಲ್ಲಿರುವ ಅಜ್ಜಿಗೂ, ಅಲ್ಲಿಯ ಶಾಲೆಯ ಗುರುಗಳಿಗೂ ಅದನ್ನು ಕೂಗಲು ಬರಬೇಕು. ‘ಳ’ಕಾರವೂ ‘ಜ್ಞ’ಕಾರವೂ ಕೂಡಿದ ಹೆಸರನ್ನು ಇಂಗ್ಲಿಷರ ನಾಲಿಗೆಗೆ ಒಪ್ಪಿಸಿ, ಆಮೇಲೆ ಅವರು ಕೆಡಿಸಿದರೆಂದು ನೊಂದುಕೊಂಡು ಫಲವಿಲ್ಲ. ಎರಡನೆಯದಾಗಿ, ಆ ದೇಶದ ಅಕ್ಷರದಲ್ಲಿ ಬರೆದು, ಅಲ್ಲಿಯವರೊಬ್ಬರಿಂದ ಓದಿಸಿ ನೋಡಬೇಕು. ‘ಝಾಂ’ ಎಂಬ ಗಂಡುಹುಡುಗನು ‘ಜೀನ್’ ಆಗಬಾರದು. ಮೂರನೆಯದು, ಆ ಹೆಸರು ಎಲ್ಲಿಂದ ಬಂತು, ಯಾಕೆ ಇಟ್ಟೆವು ಎಂಬುದನ್ನು ಕೂಸು ಬೆಳೆದಂತೆ ಹೇಳುತ್ತ ಬರಬೇಕು.

ಇಷ್ಟು ಮಾಡಿದ ಮೇಲೆ ಪರದೇಶದ ಹುಡುಗರು ಅದನ್ನು ಅರ್ಧಕ್ಕೆ ಕತ್ತರಿಸಿ ಕೂಗಿದರೆ ಅಂಜಬೇಕಾದುದಿಲ್ಲ. ಮಲ್ಲಿಕಾರ್ಜುನನು ನಮ್ಮ ಮನೆಯಲ್ಲಿಯೂ ಮಲ್ಲಣ್ಣನಾದನು, ಯಾರಿಗೂ ಅಪಮಾನವೆನಿಸಲಿಲ್ಲ. ಹೆಸರನ್ನು ಸವೆಸುವವರು ಅದನ್ನು ದಿನಾಲು ಬಳಸುವವರೇ. ಯಾರೂ ಬಳಸದ ಹೆಸರು ಮಾತ್ರ ಇಟ್ಟಂತೆಯೇ ಹೊಸದಾಗಿ ಉಳಿದಿರುತ್ತದೆ, ದಫ್ತರದ ಜಫರಾಬಾದಿನಂತೆ.